ಎಫ್‌ಟಿ-101ಇ: ಪಿಟಿಟಿ ಒತ್ತಿದರೆ ಸಾಕು, ಫೈನಲ್ ವಾಲ್ವ್ ಕೆಂಪಾಗುತ್ತದೆ

ಪ್ರಶ್ನೆ (ಸಾಗರದಿಂದ):
ನಮಸ್ಕಾರ. ಮನೆಯಲ್ಲಿ ಎಚ್‌ಎಫ್ (ಶಾರ್ಟ್‌ವೇವ್) ಹ್ಯಾಮ್ ರೇಡಿಯೋ ಸ್ಟೇಷನ್ ಹಾಕುತ್ತಿದ್ದೇನೆ. ಸೆಟ್ 1970ರ ದಶಕದ ಯಾಯೆಸು ಎಫ್‌ಟಿ-101ಇ. ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೋ ಬಳಕೆದಾರ) ಒಬ್ಬರ ಮನೆಯವರು ಪ್ರೀತಿಯಿಂದ ಕೊಟ್ಟಿದ್ದು, ವರ್ಷಗಟ್ಟಲೆ ಅಟ್ಟದ ಮೇಲೆ ಇತ್ತು. ತೋಟದಲ್ಲಿ ಅಡಿಕೆ ಮರಗಳ ನಡುವೆ 40 ಮೀಟರ್ ಬ್ಯಾಂಡಿಗೆ ಇನ್ವರ್ಟೆಡ್ ವಿ ಆಂಟೆನಾ ಕಟ್ಟಿದ್ದೇನೆ. ರಿಸೀವ್ ತುಂಬಾ ಚೆನ್ನಾಗಿದೆ.

ತೊಂದರೆ ಟ್ರಾನ್ಸ್‌ಮಿಟ್‌ನಲ್ಲಿ. ಎಲ್‌ಎಸ್‌ಬಿ (ಮಾತಿನ ಮೋಡ್) ಇಟ್ಟು, ಮೈಕ್ ಗೇನ್ ಸೊನ್ನೆ ಮಾಡಿ ಪಿಟಿಟಿ (ಮಾತಾಡುವಾಗ ಒತ್ತುವ ಬಟನ್) ಒತ್ತಿದರೆ, ಫೈನಲ್ (ಕೊನೆಯ ಹಂತದ) ವಾಲ್ವ್‌ಗಳ ಕರೆಂಟ್ ತೋರಿಸುವ ಐಸಿ ಮೀಟರ್ ಮ್ಯಾನುಯಲ್ ಹೇಳುವ ಮಟ್ಟದಲ್ಲಿ ನಿಲ್ಲಬೇಕಲ್ವಾ? ಇದು 150 ಮಿಲಿಆಂಪ್ ದಾಟಿ ಏರುತ್ತಲೇ ಹೋಗುತ್ತದೆ. ಬಯಾಸ್ ಪಾಟ್ (ವಾಲ್ವ್ ಕರೆಂಟನ್ನು ಹದದಲ್ಲಿಡುವ ಮೈನಸ್ ವೋಲ್ಟೇಜ್ ಹೊಂದಿಸುವ ತಿರುಗಣೆ) ಪೂರ್ತಿ ತಿರುಗಿಸಿದರೂ ಇಳಿಯುವುದಿಲ್ಲ. ವಾಲ್ವ್ ಒಳಗಿನ ಪ್ಲೇಟ್ ಮಂದ ಕೆಂಪಾಗುತ್ತದೆ. 6ಜೆಎಸ್6ಸಿ ಫೈನಲ್ ವಾಲ್ವ್‌ಗಳ ಹೊಸ ಜೋಡಿ ತರಿಸಲಾ?

ಉತ್ತರ (ಬೆಂಗಳೂರಿನಿಂದ):
ವಾಲ್ವ್‌ಗೆ ಈಗಲೇ ದುಡ್ಡು ಹಾಕಬೇಡಿ ಓಎಂ (ಹ್ಯಾಮ್ ಭಾಷೆಯಲ್ಲಿ ಗೆಳೆಯ). ಹೊಸದು ಹಾಕಿದರೆ ಅದೂ ಸುಟ್ಟುಹೋಗಬಹುದು. ಮೊದಲು ಮುಂದಿನ ಪ್ಯಾನೆಲ್‌ನ ಹೀಟರ್ ಸ್ವಿಚ್ ಆಫ್ ಮಾಡಿ. ಈ ಸೆಟ್‌ನ ರಿಸೀವರ್ ಪೂರ್ತಿ ಸಾಲಿಡ್ ಸ್ಟೇಟ್, ಹೀಟರ್ ಇಲ್ಲದೆಯೂ ಬ್ಯಾಂಡ್ ಕೇಳುತ್ತಿರಬಹುದು. ವಾಲ್ವ್‌ಗಳಿಗೆ ಸುಮ್ನೆ ಶಿಕ್ಷೆ ಬೇಡ.

ನನ್ನ ಅನುಮಾನ ಕಪ್ಲಿಂಗ್ ಕೆಪ್ಯಾಸಿಟರ್ (ಸಿಗ್ನಲ್ ಮಾತ್ರ ದಾಟಿಸಿ ಡಿಸಿ ತಡೆಯುವುದು) ಮೇಲೆ. ಡ್ರೈವರ್ ವಾಲ್ವ್ 12ಬಿವೈ7ಎ ಪ್ಲೇಟ್‌ನಿಂದ ಫೈನಲ್ ವಾಲ್ವ್‌ನ ಗ್ರಿಡ್‌ಗೆ (ಕರೆಂಟ್ ನಿಯಂತ್ರಿಸುವ ತುದಿ) ಹೋಗುವ 100 ಪಿಎಫ್ (ಪಿಕೋಫ್ಯಾರಡ್) ಇದೆಯಲ್ಲ, ಅದೇ. ಒಂದು ಬದಿಯಲ್ಲಿ ಪ್ಲಸ್ 300 ವೋಲ್ಟ್, ಇನ್ನೊಂದು ಬದಿಯಲ್ಲಿ ಮೈನಸ್ ಬಯಾಸ್. ಹಳೆಯದಾಗಿ ಒಳಗೇ ಸ್ವಲ್ಪ ಲೀಕ್ ಶುರುವಾದರೂ ಆ ಪ್ಲಸ್ ಗ್ರಿಡ್‌ಗೆ ಇಳಿಯುತ್ತದೆ, ಬಯಾಸ್ ಕುಸಿಯುತ್ತದೆ, ವಾಲ್ವ್ ಕರೆಂಟ್ ಎಳೆಯುತ್ತದೆ. ಈ ಮಾಡೆಲ್‌ನಲ್ಲಿ ಎಲ್ಲರಿಗೂ ಗೊತ್ತಿರುವ ರೋಗ ಇದು.

ಮುಟ್ಟುವ ಮುಂಚೆ ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಫೈನಲ್ ಪ್ಲೇಟ್‌ನಲ್ಲಿ ಸುಮಾರು 600 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. 100 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಒಳ್ಳೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ಖಾಲಿ ಮಾಡಿ. ಆಮೇಲೆ ಮೀಟರ್ ಇಟ್ಟು ಸೊನ್ನೆ ನೋಡಿಯೇ ಕೈ ಹಾಕಿ. ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸ ಬೇಡ.

ಪರೀಕ್ಷೆ ಹೀಗೆ. ಪವರ್ ಇಲ್ಲದಾಗಲೇ ಮೀಟರ್ ಕ್ಲಿಪ್‌ಗಳನ್ನು ಫೈನಲ್ ಗ್ರಿಡ್‌ಗೂ ಶಾಸಿಗೂ (ಸೆಟ್‌ನ ಲೋಹದ ಚೌಕಟ್ಟು) ಸಿಕ್ಕಿಸಿ. ಆನ್ ಮಾಡಿ, ಹೀಟರ್ ಕಾಯಲಿ, ಐದು ಸೆಕೆಂಡ್ ಮಾತ್ರ ಪಿಟಿಟಿ ಒತ್ತಿ ರೀಡಿಂಗ್ ಬರೆದುಕೊಳ್ಳಿ. ಆಮೇಲೆ ಎಲ್ಲ ಆಫ್ ಮಾಡಿ, ಡಿಸ್‌ಚಾರ್ಜ್ ಮಾಡಿ, ಆ 100 ಪಿಎಫ್‌ನ ಒಂದು ಕಾಲು ಬಿಚ್ಚಿ ಮತ್ತೆ ನೋಡಿ. ಬಯಾಸ್ ಸರಿಹೋದರೆ ಕಳ್ಳ ಸಿಕ್ಕಿದ ಹಾಗೆ. ಕಾಲು ಬಿಚ್ಚಿದರೂ ಬಯಾಸ್ ನಿಧಾನವಾಗಿ ಕುಸಿಯುತ್ತಿದ್ದರೆ ವಾಲ್ವ್ ಗ್ಯಾಸಿ ಆಗಿರಬಹುದು (ಒಳಗಿನ ನಿರ್ವಾತ ಕೆಟ್ಟಿರಬಹುದು), ಇಲ್ಲವೇ ಬಯಾಸ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗಿರಬಹುದು.

ಇನ್ನೊಂದು ಉತ್ತರ (ಉಡುಪಿಯಿಂದ):
ಮೇಲಿನವರು ಹೇಳಿದ್ದು ಸರಿ. ಜೊತೆಗೆ ನಿಮ್ಮ ಮನೆಯ ಲೈನ್ ವೋಲ್ಟೇಜ್ ನೋಡಿ. ಟ್ರಾನ್ಸ್‌ಫಾರ್ಮರ್ ಪ್ರೈಮರಿಯಲ್ಲಿ 100ರಿಂದ 234 ವೋಲ್ಟ್‌ವರೆಗೆ ಟ್ಯಾಪ್‌ಗಳಿವೆ (ಬೇರೆ ಬೇರೆ ವೋಲ್ಟೇಜ್‌ಗೆ ತಂತಿ ಜೋಡಿಸುವ ಜಾಗಗಳು). ಹೊರಗಿನಿಂದ ಬಂದ ಸೆಟ್‌ಗಳು 220ಕ್ಕೆ ಕಟ್ಟಿರುವುದು ಜಾಸ್ತಿ. ರಾತ್ರಿ ಲೋಡ್ ಇಳಿದಾಗ ನಮ್ಮ ಕಡೆ 245 ಬರುತ್ತದೆ. ಆಗ 12.6 ಇರಬೇಕಾದ ಹೀಟರ್ 14ಕ್ಕೆ ಹೋಗುತ್ತದೆ. 234ರ ಟ್ಯಾಪ್‌ಗೆ ಬದಲಿಸಿ.

ಅಟ್ಟದಿಂದ ಇಳಿಸಿದ ಸೆಟ್ಟನ್ನು ನೇರವಾಗಿ ಪ್ಲಗ್‌ಗೆ ಹಾಕುವುದೂ ಒಳ್ಳೆಯದಲ್ಲ. ವೇರಿಯಾಕ್ (ವೋಲ್ಟೇಜ್ ನಿಧಾನವಾಗಿ ಏರಿಸುವ ಟ್ರಾನ್ಸ್‌ಫಾರ್ಮರ್) ಇಲ್ಲದಿದ್ದರೆ 100 ವ್ಯಾಟ್‌ನ ಹಳೇ ಬಲ್ಬ್ ಸೀರೀಸ್‌ನಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ಪಕ್ಕದ ಮನೆಯ ಅಣ್ಣನನ್ನು ಕರೆದು ಕೂರಿಸಿಕೊಂಡು ಅಳೆದೆ. ಪಿಟಿಟಿ ಒತ್ತಿದಾಗ ಗ್ರಿಡ್‌ನಲ್ಲಿ ಬರೀ ಮೈನಸ್ 38 ವೋಲ್ಟ್. ಕೆಪ್ಯಾಸಿಟರ್ ಕಾಲು ಬಿಚ್ಚಿದ ಮೇಲೆ ಪಾಟ್ ತಿರುಗಿಸಿದಷ್ಟೂ ಕೆಳಗೆ ಹೋಗುತ್ತದೆ. ಮೈನಸ್ 60ರ ಹತ್ತಿರ ಬಂದಾಗ ಐಸಿ ಸರಿಯಾದ ಮಟ್ಟಕ್ಕೆ ನಿಂತಿತು! ಆದರೆ ಅದರ ಜಾಗಕ್ಕೆ ಬೇಕಾದ 1,000 ವೋಲ್ಟ್‌ನ ಸಿಲ್ವರ್ ಮೈಕಾ ಕೆಪ್ಯಾಸಿಟರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿದರೂ ಸಿಗಲಿಲ್ಲ. 500 ವೋಲ್ಟ್‌ನದು ಸಿಗುತ್ತದೆ. ಸಾಮಾನ್ಯ ಡಿಸ್ಕ್ ಸೆರಾಮಿಕ್ ಹಾಕಲಾ?

ಉತ್ತರ (ಬೆಂಗಳೂರಿನಿಂದ):
ಸಾಮಾನ್ಯ ಡಿಸ್ಕ್ ಬೇಡ, ಬಿಸಿಗೆ ಅದರ ಬೆಲೆ ಓಡಾಡುತ್ತದೆ. 200 ಪಿಎಫ್, 500 ವೋಲ್ಟ್‌ನ ಎರಡು ಸಿಲ್ವರ್ ಮೈಕಾ ಸೀರೀಸ್‌ನಲ್ಲಿ ಹಾಕಿ. 100 ಪಿಎಫ್ ಆಯಿತು, ರೇಟಿಂಗೂ ಸಾವಿರ ಆಯಿತು. ಮುಂದೆ ಒಂದು ಶಾರ್ಟ್ ಆದರೂ ಇನ್ನೊಂದು ತಡೆಯುತ್ತದೆ. ಕಾಲುಗಳನ್ನು ಗಿಡ್ಡ ಇಟ್ಟು ಬೆಸುಗೆ ಹಾಕಿ.

ಆಮೇಲೆ ಬಯಾಸ್ ಪಾಟ್ ತಿರುಗಿಸಿ ಐಸಿ ಮತ್ತೆ ಅದೇ ಮಟ್ಟಕ್ಕೆ ಕೂರಿಸಿ. ಆಂಟೆನಾ ಬಿಚ್ಚಿ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ 7.1 ಮೆಗಾಹರ್ಟ್ಸ್‌ನಲ್ಲಿ ಟ್ಯೂನ್ ಮಾಡಿ. ಒಮ್ಮೆಗೆ ಹತ್ತು ಸೆಕೆಂಡ್ ಮೀರಬೇಡಿ, ಪ್ಲೇಟ್ ಡಿಪ್ (ಐಸಿ ಮೀಟರ್ ತಟ್ಟನೆ ಇಳಿಯುವ ಜಾಗ) ಸಿಕ್ಕ ಮೇಲೆಯೇ ಲೋಡಿಂಗ್ ಏರಿಸಿ. ಡಯಲ್ 7.5ರವರೆಗೆ ಹೋಗುತ್ತದೆ, ಭಾರತದ ಹ್ಯಾಮ್‌ಗಳಿಗೆ ಇರುವುದು 7.2ರವರೆಗೆ ಮಾತ್ರ. ಎರಡೂ ವಾಲ್ವ್ ಒಂದೇ ಬಣ್ಣದಲ್ಲಿ, ಅಂದರೆ ಬಣ್ಣವೇ ಬರದೆ, ನಿಂತರೆ ಹಳೇ ಜೋಡಿಯನ್ನೇ ಇಟ್ಟುಕೊಳ್ಳಿ. ಮುಂದೆ ಬೇರೆ ಕಂಪನಿಯ 6ಜೆಎಸ್6ಸಿ ಹಾಕಿದರೆ ನ್ಯೂಟ್ರಲೈಸೇಷನ್ (ವಾಲ್ವ್ ತಾನಾಗಿ ಆಂದೋಲಿಸದಂತೆ ಹೊಂದಿಸುವುದು) ಹೊಸದಾಗಿ ಮಾಡಲೇಬೇಕು. ಆಗ ಬರೆಯಿರಿ, ಹಂತ ಹಂತವಾಗಿ ಹೇಳುತ್ತೇನೆ. 73 (ಶುಭ ಹಾರೈಕೆ).