ಟರ್ಬೊ ಕಾರಿಗೆ ವೈಡ್‌ಬ್ಯಾಂಡ್ ಸೆನ್ಸರ್: ಪೈಪಿನಲ್ಲಿ ಎಲ್ಲಿ ಕೂರಿಸಬೇಕು?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ಅಣ್ಣಾ, ನನ್ನದು ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ ಮೇಲೆ ಗಾಳಿ-ಪೆಟ್ರೋಲ್ ಮಿಕ್ಸ್‌ಚರ್ ಸರಿ ಇದೆಯಾ ನೋಡಲು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ತರಿಸಿದ್ದೇನೆ. ಬಾಷ್ ಎಲ್‌ಎಸ್‌ಯು 4.9, ಜೊತೆಗೆ ಗೇಜ್. ಉದ್ಯಮಬಾಗದಲ್ಲಿ ವೆಲ್ಡಿಂಗ್‌ನವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಜಾಗ ಹೇಳುತ್ತಾರೆ. ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಪೈಪು) ಮೇಲೆ ಅಂತ ಒಬ್ಬರು, ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಆದ ಮೇಲೆ ಅಂತ ಇನ್ನೊಬ್ಬರು. ಸೈಲೆನ್ಸರ್ ಬಾಯಿಗೆ ಕ್ಲ್ಯಾಂಪ್ ಹಾಕಿದರೂ ನಡೆಯುತ್ತದಂತೆ. ಯಾವುದು ಸರಿ?

ಉತ್ತರ (ಟ್ಯೂನಿಂಗ್ ಮೆಕ್ಯಾನಿಕ್): ಪೈಪಿಗೆ ತೂತು ಹಾಕುವ ಮೊದಲೇ ಕೇಳಿದ್ದು ಒಳ್ಳೇದಾಯ್ತು. ಟರ್ಬೊ ಆದ ಮೇಲೆ, ಕ್ಯಾಟ್‌ಗಿಂತ ಮೊದಲು. ಸರಿಯಾದ ಜಾಗ ಅದು.

ಟರ್ಬೊಗಿಂತ ಮೊದಲು, ಅಂದರೆ ಮ್ಯಾನಿಫೋಲ್ಡ್‌ನಲ್ಲಿ, ಗ್ಯಾಸಿನ ಒತ್ತಡ ಜಾಸ್ತಿ. ಒತ್ತಡ ಹೆಚ್ಚಾದರೆ ಈ ಸೆನ್ಸರ್ ತಪ್ಪು ತೋರಿಸುತ್ತದೆ. ರಿಚ್ (ಪೆಟ್ರೋಲ್ ಜಾಸ್ತಿ) ಇದ್ದರೆ ಇನ್ನೂ ರಿಚ್, ಲೀನ್ (ಗಾಳಿ ಜಾಸ್ತಿ) ಇದ್ದರೆ ಇನ್ನೂ ಲೀನ್. ಬಿಸಿಯೂ ಅಷ್ಟೇ. 4.9 ಸೆನ್ಸರ್‌ಗೆ ಗ್ಯಾಸಿನ ಬಿಸಿ ಸುಮಾರು 930 ಡಿಗ್ರಿ ಸೆಲ್ಸಿಯಸ್ ದಾಟಿಯೇ ಓಡುತ್ತಿರಬಾರದು. ಫುಲ್ ಲೋಡ್‌ನಲ್ಲಿ ಪೆಟ್ರೋಲ್ ಟರ್ಬೊ ಆ ಮಟ್ಟಕ್ಕೆ ಸುಲಭವಾಗಿ ಹೋಗುತ್ತದೆ. ಅದಕ್ಕೇ ಜಾಗ ಇದ್ದರೆ ಟರ್ಬೊದಿಂದ ಎರಡು ಮೂರು ಅಡಿ ಕೆಳಗೆ ಹಾಕುತ್ತೇವೆ.

ಕ್ಯಾಟ್ ತನ್ನೊಳಗೆ ಆಕ್ಸಿಜನ್ ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಅದರ ಹಿಂದೆ ಕೂತ ಸೆನ್ಸರ್‌ಗೆ ಎಂಜಿನ್‌ನ ಸುದ್ದಿ ತಡವಾಗಿ, ಬದಲಾಗಿ ಸಿಗುತ್ತದೆ. ಸೈಲೆನ್ಸರ್ ಬಾಯಿಯಲ್ಲಂತೂ ಐಡಲ್‌ನಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗಿ ಲೀನ್ ಅಂತ ಸುಳ್ಳು ತೋರಿಸುತ್ತದೆ.

ಇನ್ನು ಕೋನ. ಇದನ್ನು ತುಂಬಾ ಜನ ಬಿಟ್ಟೇಬಿಡುತ್ತಾರೆ. ಪೈಪನ್ನು ಅಡ್ಡ ಕೊಯ್ದರೆ ಗಡಿಯಾರದ ಮುಖ ಕಾಣುತ್ತದೆ ಅಂದುಕೊಳ್ಳಿ. ಸೆನ್ಸರ್ 10 ಗಂಟೆಯಿಂದ 2 ಗಂಟೆಯ ನಡುವೆ ಇರಬೇಕು, ತುದಿ ಕೆಳಮುಖವಾಗಿ. ಅಡ್ಡ ಹಾಕಲೇಬೇಕಾದರೂ ಕನಿಷ್ಠ 10 ಡಿಗ್ರಿ ಇಳಿಜಾರು ಬೇಕು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಪೈಪಿನೊಳಗೆ ನೀರು ಕಟ್ಟುತ್ತದೆ. ನಮ್ಮ ಬೆಳಗಾವಿ ಮಳೆಗಾಲದಲ್ಲಿ ಅಂಗಡಿಗೆ ಹೋಗಿ ಬರುವಷ್ಟು ಸಣ್ಣ ಓಡಾಟಕ್ಕೆ ಆ ನೀರು ಒಣಗುವುದೇ ಇಲ್ಲ. ಬಿಸಿಯಾದ ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೂ ಸೆನ್ಸರ್ ಸೀಳಬಹುದು. ನೆಟ್ಟಗೆ 12 ಗಂಟೆಗೂ ಬೇಡ ಅನ್ನುತ್ತೇನೆ, ಪೈಪಿನ ಬಿಸಿ ಮೇಲೇರಿ ವಾಯರ್ ಸುಡುತ್ತದೆ.

ಪ್ರಶ್ನೆ ಕೇಳಿದವರು: ಅಣ್ಣಾ, ಗಾಡಿ ಎತ್ತಿಸಿ ನೋಡಿದೆ. ಕ್ಯಾಟ್ ಟರ್ಬೊಗೇ ಅಂಟಿಕೊಂಡಿದೆ, ನಡುವೆ ಪೈಪೇ ಇಲ್ಲ. ಕ್ಯಾಟ್ ತೆಗೆಸಿಬಿಡಲಾ?

ಉತ್ತರ: ಬೇಡ ತಮ್ಮಾ. ಒಂದು ಗೇಜ್‌ಗೋಸ್ಕರ ಊರಿಗೆಲ್ಲ ಹೊಗೆ ಕುಡಿಸುವುದು ಬೇಡ, ಪಿಯುಸಿಗೂ ತೊಂದರೆ.

ಟರ್ಬೊ ಬಾಯಿಯ ಹತ್ತಿರ ಕಂಪನಿಯದೇ ಒಂದು ಸೆನ್ಸರ್ ಇರುತ್ತದೆ, ಅದರ ವಾಯರ್ ಎಣಿಸಿ. ನಾಲ್ಕಿದ್ದರೆ ಸಾಮಾನ್ಯವಾಗಿ ನ್ಯಾರೋಬ್ಯಾಂಡ್, ಅಂದರೆ ರಿಚ್ ಅಥವಾ ಲೀನ್ ಅಂತಷ್ಟೇ ಹೇಳುವುದು, ಎಷ್ಟು ಅಂತ ಹೇಳುವುದಿಲ್ಲ. ಐದಿದ್ದರೆ ಅದೇ ವೈಡ್‌ಬ್ಯಾಂಡ್. ಈಗಿನ ಎಷ್ಟೋ ಟರ್ಬೊ ಪೆಟ್ರೋಲ್ ಗಾಡಿಗಳಲ್ಲಿ ಹೀಗೇ ಇದೆ. ಆಗ ಒಬಿಡಿ ಸ್ಕ್ಯಾನರ್‌ನಲ್ಲಿ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಲ್ಯಾಂಬ್ಡಾ, ಅಂದರೆ ಮಿಕ್ಸ್‌ಚರ್ ಅಳತೆಯ ಅಂಕಿ, ಓದಿ, ಲಾಗ್ ಮಾಡಿ. ವೆಲ್ಡಿಂಗೇ ಬೇಕಾಗಲಿಕ್ಕಿಲ್ಲ. ಆದರೆ ಆ ಸೆನ್ಸರ್ ಕಿತ್ತು ಆ ತೂತಿಗೆ ನಿಮ್ಮದನ್ನು ಮಾತ್ರ ಹಾಕಬೇಡಿ, ಇಸಿಯು (ಎಂಜಿನ್ ಕಂಪ್ಯೂಟರ್) ಕಂಪನಿ ಸೆನ್ಸರನ್ನು ನಂಬಿಕೊಂಡೇ ಪೆಟ್ರೋಲ್ ಬಿಡುತ್ತದೆ.

ನ್ಯಾರೋಬ್ಯಾಂಡ್ ಆಗಿದ್ದರೆ ಕ್ಯಾಟ್ ಆದ ತಕ್ಷಣದ ಪೈಪಿನಲ್ಲಿ ನಿಮ್ಮದನ್ನು ಹಾಕಿಸಿ. ಚೋರ್ಲಾ ಘಾಟ್ ಏರುವಾಗ ಒಂದೇ ಸಮನೆ ಲೋಡ್ ಇರುತ್ತದಲ್ಲ, ಆಗಿನ ಅಂಕಿ ಸುಮಾರಾಗಿ ನಂಬಬಹುದು. ಐಡಲ್‌ನದು, ಆ್ಯಕ್ಸಿಲರೇಟರ್ ಬಿಟ್ಟು ಹಿಡಿಯುವಾಗಿನದು ಲೆಕ್ಕಕ್ಕಿಲ್ಲ. ಗೇಜ್ ನೋಡಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ನಿಮ್ಮ ಕಣ್ಣು ರಸ್ತೆ ಮೇಲಿರಲಿ.

ಇನ್ನೊಬ್ಬ ಸದಸ್ಯರು (ಖಾನಾಪುರ): ಸರ್, ನನ್ನದು ಟರ್ಬೊ ಇಲ್ಲದ ಹಳೇ ಗಾಡಿ. ಕ್ಯಾಟ್ ಕಾರಿನ ನಡು ಹೊಟ್ಟೆ ಕೆಳಗಿದೆ. ಗೇಜ್ 14.7 ತೋರಿಸಿದರೆ ಸರಿ ಅಲ್ವಾ?

ಉತ್ತರ: ನಿಮ್ಮದು ಸುಲಭ. ಎಲ್ಲ ಸಿಲಿಂಡರ್ ಪೈಪುಗಳು ಒಂದಾಗುವ ಜಾಗದಿಂದ ಸ್ವಲ್ಪ ಮುಂದೆ ಹಾಕಿಸಿ. ಒಂದೇ ಪೈಪಿನಲ್ಲಿ ಹಾಕಿದರೆ ಒಂದೇ ಸಿಲಿಂಡರ್ ಕಥೆ ಸಿಗುತ್ತದೆ. ಎಂಜಿನ್ ಹೆಡ್‌ನಿಂದ ಕನಿಷ್ಠ ಎರಡು ಅಡಿ ದೂರ ಇರಲಿ.

14.7 ಅನ್ನೋದು, ಅಂದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಅಷ್ಟು ಪಾಲು ಗಾಳಿ, ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಅದು ಸುಮಾರು 13.5. ಗೇಜ್‌ಗೆ ಇದು ಗೊತ್ತಾಗಲ್ಲ. ಅದಕ್ಕೇ ಲ್ಯಾಂಬ್ಡಾಕ್ಕೆ ಬದಲಿಸಿ ನೋಡಿ. ಯಾವ ಪೆಟ್ರೋಲ್ ಹಾಕಿದರೂ 1 ಅಂದರೆ ಸಮ, ಕಡಿಮೆಯಾದರೆ ರಿಚ್, ಜಾಸ್ತಿಯಾದರೆ ಲೀನ್. ಮತ್ತೆ, ಲೀನ್ ತೋರಿಸಿತು ಅಂತ ಕೂಡಲೇ ಪೆಟ್ರೋಲ್ ಏರಿಸಬೇಡಿ. ಸೆನ್ಸರ್‌ಗಿಂತ ಮೊದಲು, ಎಂಜಿನ್ ಕಡೆ ಇರುವ ಗ್ಯಾಸ್ಕೆಟ್ ಸೋರಿದರೂ ಹೊರಗಿನ ಗಾಳಿ ಸೇರಿ ಲೀನ್ ಅಂತಲೇ ತೋರಿಸುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಜಾಯಿಂಟ್‌ಗಳ ಹತ್ತಿರ ಟಿಕ್ ಟಿಕ್ ಸದ್ದು ಇದೆಯಾ ಕೇಳಿ.

ಪ್ರಶ್ನೆ ಕೇಳಿದವರು: ವೆಲ್ಡಿಂಗ್‌ನವರಿಗೆ ಏನು ಹೇಳಲಿ?

ಉತ್ತರ: ಬಂಗ್ (ಸೆನ್ಸರ್ ತಿರುಗಿಸಿ ಕೂರಿಸಲು ಪೈಪಿಗೆ ವೆಲ್ಡ್ ಮಾಡುವ ಥ್ರೆಡ್ ಬಳೆ) ಎಂ18, ಪಿಚ್ 1.5. ವೆಲ್ಡ್ ಮಾಡುವಾಗ ಅದೇ ಅಳತೆಯ ಬೋಲ್ಟ್ ತಿರುಗಿಸಿಟ್ಟಿರಲಿ, ಇಲ್ಲದಿದ್ದರೆ ಬಿಸಿಗೆ ಥ್ರೆಡ್ ಸೊಟ್ಟಗಾಗುತ್ತದೆ. ಸೆನ್ಸರ್ ಹಾಕಿಕೊಂಡು ವೆಲ್ಡಿಂಗ್ ಬೇಡವೇ ಬೇಡ. ವಾಯರ್ ಗಿಡ್ಡ ಆಯ್ತು ಅಂತ ಕನೆಕ್ಟರ್ ಕತ್ತರಿಸಬೇಡಿ, ಆ ಸೆನ್ಸರ್‌ನ ಕ್ಯಾಲಿಬ್ರೇಶನ್ ರೆಸಿಸ್ಟರ್ ಕನೆಕ್ಟರ್ ಒಳಗೇ ಇದೆ. ಗೇಜ್ ಬಿಚ್ಚಿಟ್ಟ ದಿನ ಸೆನ್ಸರ್ ಕೂಡ ಬಿಚ್ಚಿ ಬೋಲ್ಟ್ ಹಾಕಿ. ಹೀಟರ್‌ಗೆ ಕರೆಂಟ್ ಇಲ್ಲದೆ ಗಾಡಿ ಓಡಿಸಿದರೆ ತುದಿಗೆ ಮಸಿ ಹಿಡಿದು ಹಾಳಾಗುತ್ತದೆ.