ಪದಚರ್ಚೆ: ‘ಬಿಸ್ತ್ರೋ’ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಪ್ಯಾರಿಸ್ ಬಗ್ಗೆ ಬರೆದ ಒಂದು ಫ್ರೆಂಚ್ ಪ್ರಬಂಧವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಎಲ್ಲ ಮುಗಿದಿದೆ, ಒಂದೇ ಪದ ಕೈಕೊಟ್ಟಿದೆ: ಬಿಸ್ತ್ರೋ, ಅಂದರೆ ಅಲ್ಲಿನ ಬೀದಿಯ ಸಣ್ಣ ಊಟದ ಜಾಗ. ಹನ್ನೊಂದು ಕಡೆ ಬರುತ್ತದೆ. ಬರೆಯುವುದು, ಹೊಡೆದುಹಾಕುವುದು, ನಾಲ್ಕು ದಿನದಿಂದ ಇದೇ ಆಗಿದೆ.

ಮೊದಲ ವಾಕ್ಯ ಹೀಗಿದೆ: ‘ಅಮ್ಮ ಹೋದ ಮೇಲೆ ಅಪ್ಪ ಮಧ್ಯಾಹ್ನ ಕೆಳಗಿನ ಬಿಸ್ತ್ರೋದಲ್ಲೇ ಊಟ ಮಾಡತೊಡಗಿದ.’ ಇಲ್ಲಿ ಯಾವ ಪದ ಹಾಕಿದರೂ ಆ ಮುದುಕ ಬೇರೆಲ್ಲೋ ಹೋಗಿ ಕೂತುಬಿಡುತ್ತಾನೆ. ‘ರೆಸ್ಟೋರೆಂಟ್’ ಅಂದರೆ ಇಸ್ತ್ರಿ ಶರ್ಟು ಹಾಕಿಕೊಂಡು ಹೋದ ಹಾಗಾಗುತ್ತದೆ. ‘ಕೆಫೆ’ ಅಂದರೆ ಊಟವೇ ಇಲ್ಲ, ಬರೀ ಕಾಫಿ. ‘ಹೋಟೆಲ್’ ಹಾಕೋಣ ಅಂದರೆ ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಜನ ತಂಗುವ ಹೋಟೆಲ್ ಒಂದಿದೆ, ಪ್ರಬಂಧದಲ್ಲಿ ಅದೂ ಬರುತ್ತದೆ.

ಜಾಗ ನೋಡಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಓದಲಿಕ್ಕೆಂದು ಎರಡು ವರ್ಷ ಪ್ಯಾರಿಸ್ಸಿನ 11ನೇ ವಾರ್ಡಿನಲ್ಲಿದ್ದೆ. ನಮ್ಮ ಬೀದಿ ಮೂಲೆಯಲ್ಲೇ ಒಂದು ಬಿಸ್ತ್ರೋ ಇತ್ತು. ಹತ್ತೋ ಹನ್ನೆರಡೋ ಮೇಜು, ಪಕ್ಕದವರ ತಟ್ಟೆಗೆ ನಮ್ಮ ಮೊಣಕೈ ತಾಗುವಷ್ಟು ಒತ್ತೊತ್ತಾಗಿ. ಹನ್ನೊಂದೂವರೆಗೆ ಮಾಲೀಕ ಒಂದು ಸ್ಲೇಟು ಹಲಗೆಯನ್ನು ಬಾಗಿಲ ಹೊರಗೆ ತಂದಿಟ್ಟು, ಸೀಮೆಸುಣ್ಣದಲ್ಲಿ ಅವತ್ತಿನ ಅಡುಗೆ ಬರೆಯುತ್ತಿದ್ದ. ಒಂದೋ ಎರಡೋ ಬಗೆ, ಅಷ್ಟೇ. ಮೊದಲ ತಟ್ಟೆ ಮತ್ತು ಊಟ, ಇಲ್ಲವೇ ಊಟ ಮತ್ತು ಸಿಹಿ, ಎರಡಕ್ಕೂ ಒಂದೇ ರೇಟು. ಬ್ರೆಡ್ಡಿಗೂ ನಲ್ಲಿ ನೀರಿಗೂ ಬೇರೆ ದುಡ್ಡಿಲ್ಲ. ಮೇಜಿನ ಮೇಲೆ ಬಟ್ಟೆ ಹಾಸುತ್ತಿರಲಿಲ್ಲ, ಬಿಳಿ ಕಾಗದ ಹಾಸುತ್ತಿದ್ದರು. ಉಂಡಾದ ಮೇಲೆ ಮಾಲೀಕ ಕಿವಿ ಸಂದಿಯಿಂದ ಪೆನ್ಸಿಲ್ ತೆಗೆದು, ಆ ಕಾಗದದ ಮೂಲೆಯಲ್ಲೇ ಲೆಕ್ಕ ಕೂಡಿ, ದುಡ್ಡು ತೆಗೆದುಕೊಂಡು, ಬ್ರೆಡ್ಡಿನ ಪುಡಿ ಸಮೇತ ಕಾಗದ ಮುದುರಿ ಒಯ್ಯುತ್ತಿದ್ದ. ಎರಡು ಗಂಟೆ ದಾಟಿದರೆ ಒಲೆ ಆರಿತು ಅಂತಲೇ ಅರ್ಥ. ಆಮೇಲೆ ಎಷ್ಟೇ ಬೇಡಿಕೊಂಡರೂ ಸಂಜೆಯವರೆಗೆ ಕಾಫಿ ಬಿಟ್ಟು ಏನೂ ಸಿಗುವುದಿಲ್ಲ.

ನನಗೆ ಬೇಕಾದ ಪದದಲ್ಲಿ ಮೂರು ಸಂಗತಿ ಇರಬೇಕು: ಬೀದಿಯವರದ್ದು, ದುಬಾರಿಯಲ್ಲದ್ದು, ಒಬ್ಬನೇ ಹೋಗಿ ಕೂತರೂ ಒಂಟಿ ಅನ್ನಿಸದ್ದು. ದಯವಿಟ್ಟು ಬೇಗ ಹೇಳಿ.

*

ಉತ್ತರ, ಮೈಸೂರಿನಿಂದ:

ಹೋಟೆಲ್ ಅಂತಲೇ ಬರೆಯಿರಿ. ಕನ್ನಡದಲ್ಲಿ ಹೋಟೆಲ್ ಅಂದರೆ ಊಟ, ತಂಗುವುದಕ್ಕೆ ಲಾಡ್ಜ್. ಮೇಲಿರುವುದನ್ನು ಲಾಡ್ಜ್ ಮಾಡಿ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

*

ಉತ್ತರ, ಬೆಂಗಳೂರಿನಿಂದ:

ಮೇಡಂ, ಪದದ ಮೂಲ ತಿಳಿಯದೆ ಸಮಾನ ಪದ ಹುಡುಕಬಾರದು. ಇದು ಫ್ರೆಂಚ್ ಪದವೇ ಅಲ್ಲ, ರಷ್ಯನ್. 1814ರಲ್ಲಿ ನೆಪೋಲಿಯನ್ ಸೋತಾಗ ರಷ್ಯದ ಕೊಸಾಕ್ ಸೈನಿಕರು ಪ್ಯಾರಿಸ್ಸಿಗೆ ನುಗ್ಗಿದರು. ಅಂಗಡಿಗಳಲ್ಲಿ ‘ಬೀಸ್ತ್ರ, ಬೀಸ್ತ್ರ’ ಅಂತ ಕೂಗುತ್ತಿದ್ದರು. ಬೇಗ, ಬೇಗ ಅಂತ ಅರ್ಥ. ಮೊಂಮಾರ್ತ್ರ್ ಗುಡ್ಡದ ಮೇಲೆ ಲಾ ಮೇರ್ ಕಾತ್ರೀನ್ ಅನ್ನುವ ಊಟದ ಜಾಗದ ಗೋಡೆಗೆ ಈ ಕಥೆಯ ಫಲಕವನ್ನೇ ಹಾಕಿದ್ದಾರೆ. ನಾನು ಕಣ್ಣಾರೆ ನೋಡಿದ್ದೇನೆ. ಬೇಗ ಕೊಡುವ ಜಾಗ ಅಂದ ಮೇಲೆ ಕನ್ನಡದಲ್ಲಿ ಒಂದೇ ಪದ: ದರ್ಶಿನಿ. ನಮ್ಮದೇ ಪದ, ನಮ್ಮ ಊರಿನಲ್ಲೇ ಹುಟ್ಟಿದ್ದು.

*

ಮತ್ತೆ ನಾನು, ಕೇಳಿದವಳು:

ಮೈಸೂರಿನವರಿಗೆ ವಂದನೆ. ಆದರೆ ಲಾಡ್ಜ್ ಆಗುವುದಿಲ್ಲ. ಪ್ಯಾರಿಸ್ಸಿನಲ್ಲಿ ನಗರಸಭೆಯ ಕಟ್ಟಡಕ್ಕೂ ‘ಹೋಟೆಲ್ ದ ವೀಲ್’ ಅನ್ನುತ್ತಾರೆ, ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ಪ್ರಬಂಧದ ಅಪ್ಪ ಆ ನಗರಸಭೆಯಲ್ಲೇ ಗುಮಾಸ್ತನಾಗಿದ್ದವನು. ಮೇಲಿನದನ್ನು ಲಾಡ್ಜ್ ಮಾಡಿದರೂ ಒಂದೇ ಪುಟದಲ್ಲಿ ಎರಡು ಹೋಟೆಲ್ ಉಳಿದರೆ ಓದುವವರ ಗತಿ ಏನು?

ಬೆಂಗಳೂರಿನ ಸರ್, ಆ ಫಲಕ ನಾನೂ ನೋಡಿದ್ದೇನೆ. ಅದರಲ್ಲಿ 1814ರ ಮಾರ್ಚ್ 30 ಅಂತ ತಾರೀಖನ್ನೂ ಕೊಟ್ಟಿದ್ದಾರೆ. ಆದರೆ ಅದನ್ನು ಹಾಕಿದ್ದು 180ನೇ ವರ್ಷದ ನೆನಪಿಗೆ. ಈ ಪದ ಫ್ರೆಂಚ್ ಬರಹದಲ್ಲಿ ಮೊದಲು ಸಿಗುವುದೇ 1884ರಲ್ಲಿ. ಸೈನಿಕರು ಕೂಗಿದ ಪದ ಎಪ್ಪತ್ತು ವರ್ಷ ಯಾರ ಬರಹದಲ್ಲೂ ಕಾಣಿಸಿಕೊಳ್ಳದೆ ಎಲ್ಲಿತ್ತು? ಅದಕ್ಕೇ ನಿಘಂಟುಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಫ್ರಾನ್ಸಿನ ಪ್ವಾತು ಸೀಮೆಯ ಮಾತಿನಲ್ಲಿ ಕೈಯಾಳಿಗೆ ‘ಬಿಸ್ತ್ರೋ’ ಅಂತಲೇ ಕೇಳಿಸುವ ಒಂದು ಪದ ಇದೆ. ಉತ್ತರ ಫ್ರಾನ್ಸಿನಲ್ಲಿ ಸಾರಾಯಿ ಬೆರೆಸಿದ ಕಾಫಿಗೆ ‘ಬಿಸ್ತೂಯ್’ ಅನ್ನುತ್ತಾರೆ. ಇವೆರಡರಲ್ಲಿ ಒಂದರಿಂದ ಬಂದಿರಬಹುದು ಅನ್ನುವವರಿದ್ದಾರೆ. ಇನ್ನೊಂದು ವಿಷಯ. ಮೊದಮೊದಲು ಈ ಪದ ಜಾಗಕ್ಕೆ ಇರಲೇ ಇಲ್ಲ, ವೈನ್ ಮಾರುವ ಮನುಷ್ಯನಿಗೆ ಇತ್ತು. ‘ಶೆಟ್ಟರ ಹತ್ತಿರ ಹೋಗಿ ಬಾ’ ಅಂದರೆ ಅಂಗಡಿಗೆ ಅಂತ ನಮಗೆ ತಿಳಿಯುವುದಿಲ್ಲವೇ, ಹಾಗೆ ಜಾಗಕ್ಕೂ ಅದೇ ಹೆಸರು ಅಂಟಿತು.

ದರ್ಶಿನಿ ನನಗೂ ಇಷ್ಟದ ಪದ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದದ್ದು. ಆದರೆ ಅಲ್ಲಿ ಚೀಟಿ ತೆಗೆದುಕೊಂಡು, ನಿಂತು ತಿಂದು, ಕೈ ತೊಳೆದು ಹೊರಟುಬಿಡುತ್ತೇವೆ. ಬಿಸ್ತ್ರೋದಲ್ಲಿ ನನ್ನನ್ನು ಯಾರೂ ಒಂದು ದಿನವೂ ಎಬ್ಬಿಸಲಿಲ್ಲ. ಬೇಳೆ ಸಾಲಡ್ ಮುಗಿದು, ಆಮ್ಲೆಟ್ ಮುಗಿದು, ಕಾಫಿ ತಣ್ಣಗಾಗುವವರೆಗೂ ಕೂತಿರುತ್ತಿದ್ದೆ. ಆ ಅಪ್ಪನೂ ಹಾಗೇ ಕೂರುತ್ತಾನೆ.

*

ಉತ್ತರ, ಬೆಂಗಳೂರಿನಿಂದ:

ಬರಹದಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಬಾಯಲ್ಲಿ ಇರಲಿಲ್ಲ ಅಂತಲ್ಲ. ನಮ್ಮ ಎಷ್ಟೋ ಬೈಗುಳ ಯಾವ ಶಾಸನದಲ್ಲೂ ಇಲ್ಲ. ನನ್ನ ಮಾತಿಗೆ ನಾನು ಬದ್ಧ.

*

ಉತ್ತರ, ತುಮಕೂರಿನಿಂದ:

ಮೊದಲಿನಿಂದ ನೋಡುತ್ತಿದ್ದೇನೆ. ಹೋಟೆಲ್, ಲಾಡ್ಜ್, ಕೆಫೆ, ರೆಸ್ಟೋರೆಂಟ್. ಒಂದಾದರೂ ಕನ್ನಡ ಪದ ಇದೆಯೇ? ‘ಉಣ್ಣು’ ಅನ್ನುವ ಬೇರು ನಮ್ಮಲ್ಲಿದೆ. ‘ಉಣಿಮನೆ’ ಅನ್ನಿ. ತಮಿಳರು ‘ಉಣವಗಂ’ ಅಂತ ಬೋರ್ಡು ಹಾಕಿದರು, ಜನ ಒಪ್ಪಿದರು. ಸರ್ಕಾರವೇ ‘ಅಮ್ಮ ಉಣವಗಂ’ ಅಂತ ಹೆಸರಿಟ್ಟಿತು. ನಾವು 2017ರಲ್ಲಿ ಅಂಥದ್ದೇ ಕೆಲಸ ಮಾಡಿ ‘ಇಂದಿರಾ ಕ್ಯಾಂಟೀನ್’ ಅಂದೆವು. ಬೇರು ಒಂದೇ, ಅವರಿಗೆ ಧೈರ್ಯ ಇತ್ತು, ನಮಗಿರಲಿಲ್ಲ. ಕಲಿಯುವ ಮಕ್ಕಳ ಕೈಗೆ ಪುಸ್ತಕ ಹೋಗುತ್ತದೆ ಅನ್ನುವುದು ನೆನಪಿರಲಿ.

*

ಉತ್ತರ, ಶಿವಮೊಗ್ಗದಿಂದ:

‘ಉಪಾಹಾರ ಗೃಹ’ ಇರುವಾಗ ಹೊಸದು ಯಾಕೆ? ಯಾವ ಪದ ಬೇಕಾದರೂ ಹಾಕಿ, ಆದರೆ ‘ಉಪಹಾರ’ ಅಂತ ಮಾತ್ರ ಬರೆಯಬೇಡಿ. ಅದು ಕಾಣಿಕೆ. ‘ಉಪಾಹಾರ’ ಅಂದರೆ ತಿಂಡಿ. ಮೂವತ್ತು ವರ್ಷ ಕರಡು ತಿದ್ದಿದ್ದೇನೆ. ಊರಿನ ಅರ್ಧ ಬೋರ್ಡುಗಳು ಇವತ್ತಿಗೂ ತಪ್ಪು.

*

ಉತ್ತರ, ಧಾರವಾಡದಿಂದ:

ಅಕ್ಕಾರ, ನೀವು ಹೇಳಿದ ಜಾಗ ಓದಿದ ಕೂಡಲೇ ನನಗೆ ಖಾನಾವಳಿ ಕಣ್ಣ ಮುಂದೆ ಬಂತು. ಕಾಲೇಜಿನ ಮೂರು ವರ್ಷ ಒಂದೇ ಖಾನಾವಳಿಯಲ್ಲಿ ಉಂಡವನು ನಾನು. ಇವತ್ತು ಏನು ಪಲ್ಯ ಅಂತ ಕೇಳುವಂತಿಲ್ಲ, ಖಾನಾವಳಿಯ ಅವ್ವ ಏನು ಮಾಡಿದ್ದಳೋ ಅದೇ. ತಿಂಗಳ ಲೆಕ್ಕ. ಒಂದು ದಿನ ಹೋಗದಿದ್ದರೆ ಮರುದಿನ ‘ಯಾಕ, ಆರಾಮ ಇರಲಿಲ್ಲೇನು’ ಅಂತ ಕೇಳುತ್ತಿದ್ದರು. ನಿಮಗೆ ಬೇಕಾದ ಮೂರೂ ಸಂಗತಿ ಅಲ್ಲಿವೆ. ಗೋಡೆ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಅಂತ ಬರೆದಿರುತ್ತಿತ್ತು. ಆದರೂ ನಮಗೆಲ್ಲ ಉದ್ರಿ ಕೊಡುತ್ತಿದ್ದರು.

*

ಉತ್ತರ, ತುಮಕೂರಿನಿಂದ:

ಖಾನಾವಳಿ ಮರಾಠಿ. ಮುಗೀತು.

*

ಉತ್ತರ, ಧಾರವಾಡದಿಂದ:

ಮರಾಠಿಯಿಂದ ಬಂದದ್ದು ಅಂತ ನನಗೂ ಗೊತ್ತು ಸರ್. ಹಾಗೆ ಲೆಕ್ಕ ಹಾಕಿದರೆ ನೀವು ಕೂರುವ ಕುರ್ಚಿ ಅರಬ್ಬಿಯದು, ಬೀಗದ ಚಾವಿ ಪೋರ್ಚುಗೀಸರದು, ಪಲ್ಯಕ್ಕೆ ಹಾಕುವ ಬಟಾಟೆಯೂ ಅವರದೇ. ನಮ್ಮ ಅವ್ವ ಶಾಲೆಗೆ ಹೋದವಳಲ್ಲ. ಅವಳ ಬಾಯಲ್ಲಿ ಈ ಪದಗಳೆಲ್ಲ ಕನ್ನಡವೇ. ಅವಳು ಆಡಿದ್ದು ಕನ್ನಡವಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಹೊಸ ಪದ ಕಟ್ಟುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಇದ್ದ ಪದವನ್ನು ಹೊರಗೆ ಹಾಕಬೇಡಿ ಅಂತಿದ್ದೇನೆ.

*

ಉತ್ತರ, ಮೈಸೂರಿನಿಂದ:

ಹೋಟೆಲ್ ಕೂಡ ಹುಟ್ಟಿನಿಂದ ಫ್ರೆಂಚ್ ಪದ. ಇಂಗ್ಲಿಷಿನ ಮೂಲಕ ಬಂತು, ಇಲ್ಲಿ ಮಲಗುವುದನ್ನು ಬಿಟ್ಟು ಇಡ್ಲಿ ಹಿಡಿಯಿತು. ಉಡುಪಿ ಹೋಟೆಲ್, ಮಿಲಿಟರಿ ಹೋಟೆಲ್ ಅಂತ ಸಂಸಾರವನ್ನೇ ಮಾಡಿಕೊಂಡಿತು. ಪದವನ್ನು ಬಳಸುವವರು ಅದನ್ನು ತಮ್ಮದಾಗಿ ಮಾಡಿಕೊಳ್ಳುತ್ತಾರೆ. ಉಣಿಮನೆ ಅಂತ ಯಾವ ಊರಿನಲ್ಲಿ ಯಾರು ಅನ್ನುತ್ತಾರೆ, ಒಬ್ಬರನ್ನು ತೋರಿಸಿ.

*

ಉತ್ತರ, ತುಮಕೂರಿನಿಂದ:

ಯಾರೂ ಅನ್ನುವುದಿಲ್ಲ, ಯಾಕೆಂದರೆ ನಿಮ್ಮಂಥವರು ಬರೆಯುವುದಿಲ್ಲ. ಇಷ್ಟೇ ನನ್ನ ವಾದ.

*

ಮತ್ತೆ ನಾನು, ಕೇಳಿದವಳು:

ದಯವಿಟ್ಟು ಇಲ್ಲಿಗೆ ಸಾಕು, ನನಗೆ ಇರುವುದು ಇವತ್ತೊಂದು ರಾತ್ರಿ. ಎಲ್ಲರ ಮಾತನ್ನೂ ಇಟ್ಟು ನೋಡಿದೆ. ಏನು ಮಾಡಿದೆ ಅಂತ ಹೇಳಿಬಿಡುತ್ತೇನೆ.

ಖಾನಾವಳಿ ಹಾಕಿ ಇಡೀ ಪ್ರಬಂಧ ಓದಿದೆ. ಮೊದಲ ಪ್ಯಾರಾ ತುಂಬ ಚೆನ್ನಾಗಿ ಬಂತು. ಮೂರನೆಯದರಲ್ಲಿ ಅಪ್ಪ ಕೆಂಪು ವೈನಿನ ಗ್ಲಾಸು ಎತ್ತಿದ ಕೂಡಲೇ ಕೆಟ್ಟಿತು. ಖಾನಾವಳಿ ಅಂದರೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಬಿಸ್ತ್ರೋ ಹುಟ್ಟಿದ್ದೇ ವೈನ್ ಅಂಗಡಿಯಾಗಿ, ಆಮೇಲೆ ಊಟ ಸೇರಿಕೊಂಡಿತು. ಓವೆರ್ನ್ ಎಂಬ ಗುಡ್ಡಗಾಡಿನಿಂದ ದುಡಿಯಲು ಪ್ಯಾರಿಸ್ಸಿಗೆ ಬಂದವರು ಒಂದೇ ಅಂಗಡಿಯಲ್ಲಿ ಇದ್ದಿಲು, ವೈನ್ ಎರಡನ್ನೂ ಮಾರುತ್ತಿದ್ದರು. ಅವರನ್ನು ‘ಬೂನ್ಯಾ’ ಅನ್ನುತ್ತಿದ್ದರು. ಹೆಂಡತಿ ತಮಗೆ ಮಾಡಿದ ಅಡುಗೆಯನ್ನೇ ಗಿರಾಕಿಗಳಿಗೂ ಬಡಿಸುವುದಿತ್ತು. ಕರಾವಳಿಯಿಂದ ಬೆಂಗಳೂರು, ಮುಂಬಯಿಗೆ ಹೋಗಿ ಹೋಟೆಲ್ ಇಟ್ಟವರನ್ನು ಕಂಡ ನಮಗೆ ಈ ಕಥೆ ಹೊಸದಲ್ಲ. ಆದರೆ ‘ಉಡುಪಿ ಹೋಟೆಲ್’ ಅನ್ನುವ ಪದವನ್ನು ಪ್ಯಾರಿಸ್ಸಿಗೆ ಒಯ್ಯಲು ಆಗುತ್ತದೆಯೇ? ಖಾನಾವಳಿಯನ್ನೂ ಅದಕ್ಕೇ ಅದರ ಊರಿನಲ್ಲೇ ಬಿಟ್ಟೆ. ಅದು ಕನ್ನಡ ಅಲ್ಲ ಅಂತ ಖಂಡಿತ ಅಲ್ಲ.

‘ಬಿಸ್ತ್ರೋ’ ಅಂತಲೇ ಇಟ್ಟಿದ್ದೇನೆ. ಬಿಸ್ಟ್ರೋ ಅಲ್ಲ, ಬಿಸ್ತ್ರೋ. ಇಂಗ್ಲಿಷಿನ ದಾರಿಯಲ್ಲಿ ಬಂದರೆ ‘ಟ’ ಆಗುತ್ತದೆ. ಫ್ರೆಂಚರ ನಾಲಿಗೆ ಹಲ್ಲಿಗೇ ತಾಗುತ್ತದೆ, ನಮ್ಮ ‘ತ’ದ ಹಾಗೆ. ನಮ್ಮಲ್ಲಿ ಅಕ್ಷರ ಇರುವಾಗ ಯಾಕೆ ಬಿಡಬೇಕು? ಫ್ರೆಂಚಿನಲ್ಲಿ ಕೊನೆಗೆ ಇನ್ನೊಂದು ‘ತ’ ಸೇರಿಸಿ ಬರೆಯುವುದೂ ಉಂಟು, ಅದನ್ನು ಉಚ್ಚರಿಸುವುದಿಲ್ಲ. ವಿಭಕ್ತಿಗೆ ಆಟೋದಲ್ಲಿ, ರೇಡಿಯೋದಲ್ಲಿ ಇದ್ದ ಹಾಗೆ ಬಿಸ್ತ್ರೋದಲ್ಲಿ.

ಆದರೆ ಮೊದಲ ಸಲ ಬಂದಾಗ ಪದವನ್ನು ಸುಮ್ನೆ ಬಿಟ್ಟಿಲ್ಲ: ‘ಅಮ್ಮ ಹೋದ ಮೇಲೆ ಅಪ್ಪ ಮಧ್ಯಾಹ್ನ ಕೆಳಗಿನ ಬಿಸ್ತ್ರೋದಲ್ಲೇ ಉಣ್ಣತೊಡಗಿದ. ನಮ್ಮ ಬೀದಿಯ ಅರ್ಧ ಜನ ಉಣ್ಣುತ್ತಿದ್ದ ಸಣ್ಣ ಊಟದಂಗಡಿ ಅದು.’ ಮೂಲದಲ್ಲಿ ಎರಡನೇ ವಾಕ್ಯ ಇಲ್ಲ, ನಾನು ಸೇರಿಸಿದ್ದು. ಮುಂದೆ ನಾಲ್ಕು ಕಡೆ ‘ಊಟದಂಗಡಿ’ ಅಂತಲೇ ಬರುತ್ತದೆ. ತುಮಕೂರಿನವರು ‘ಉಣ್ಣು’ ನೆನಪಿಸದಿದ್ದರೆ ನಾನು ‘ಊಟ ಮಾಡತೊಡಗಿದ’ ಅಂತಲೇ ಬಿಟ್ಟುಬಿಡುತ್ತಿದ್ದೆ. ಒಂಟಿ ಮುದುಕನಿಗೆ ‘ಉಣ್ಣು’ ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಧಾರವಾಡದವರಿಗೆ ಒಂದು ಕೊನೆ ಪ್ರಶ್ನೆ. ಅಡುಗೆ ಬರೆಯುವ ಸ್ಲೇಟಿಗೆ ಫ್ರೆಂಚಿನಲ್ಲಿ ‘ಆರ್ದ್ವಾಜ್’ ಅನ್ನುತ್ತಾರೆ. ಅಂಗಡಿಯಲ್ಲಿ ಬಾಕಿ ಇಟ್ಟ ಸಾಲಕ್ಕೂ ಅದೇ ಪದ. ಪ್ರಬಂಧದ ಕೊನೆಯಲ್ಲಿ ಅಪ್ಪ ತೀರಿಕೊಳ್ಳುತ್ತಾನೆ. ಮಗ ದುಡ್ಡು ಕೊಡಲು ಹೋದರೆ ಮಾಲೀಕ ತೆಗೆದುಕೊಳ್ಳುವುದಿಲ್ಲ. ನಾನು ‘ಮಾಲೀಕ ಅಪ್ಪನ ಸಾಲವನ್ನು ಅಳಿಸಿಹಾಕಿದ’ ಅಂತ ಬರೆದಿದ್ದೆ. ನಿಮ್ಮ ಉದ್ರಿ ಓದಿದ ಮೇಲೆ ಅದೇ ಇಲ್ಲಿಗೆ ಬೇಕಾದ ಪದ ಅನ್ನಿಸುತ್ತಿದೆ. ‘ಉದ್ರಿ ಅಳಿಸಿದ’ ಅನ್ನಬಹುದೇ?

*

ಉತ್ತರ, ಧಾರವಾಡದಿಂದ:

ಪುಸ್ತಕದಲ್ಲಿ ಬರೆದ ಉದ್ರಿ ಆದರೆ ಹೊಡೆದುಹಾಕುತ್ತಾರೆ. ಸ್ಲೇಟಿನ ಮೇಲಿನದಾದರೆ ಒರೆಸುತ್ತಾರೆ. ‘ಅಪ್ಪನ ಉದ್ರಿ ಒರೆಸಿಬಿಟ್ಟ’ ಅಂತ ಬರೆಯಿರಿ.

*

ಮತ್ತೆ ನಾನು:

ಹಾಗೇ ಬರೆದೆ. ಪ್ರಬಂಧ ಈಗಷ್ಟೇ ಅಚ್ಚಿಗೆ ಹೋಯಿತು.