ಎಂಆರ್‌ಐನಲ್ಲಿ ಕಿತ್ತಳೆ ಚೆನ್ನಾಗಿ ಬರುತ್ತದೆ, ಸೇಬು ಮಾತ್ರ ಕಪ್ಪು. ಯಾಕೆ?

ಹಣ್ಣುಹುಚ್ಚ:
ನಮಸ್ಕಾರ. ಯಂತ್ರ ಬಿಡುವಿದ್ದಾಗ 3 ಟೆಸ್ಲಾ (ಮ್ಯಾಗ್ನೆಟ್‌ನ ಬಲದ ಅಳತೆ) ಎಂಆರ್‌ಐನಲ್ಲಿ ಹಣ್ಣುಗಳ ಒಳಗೆ ಏನಿದೆ ಅಂತ ನೋಡುತ್ತಿದ್ದೇನೆ. ಕಿತ್ತಳೆ ಸೊಗಸಾಗಿ ಬಂತು. ತೊಳೆ, ಬೀಜ, ನಡುವಿನ ನಾರು ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಅದೇ ಸೆಟ್ಟಿಂಗ್‌ನಲ್ಲಿ ಸೇಬು ಇಟ್ಟರೆ ಬರೀ ಕಪ್ಪು, ಮೇಲೆ ಕಾಳುಕಾಳು ನಾಯ್ಸ್. ಸ್ಕ್ಯಾನ್ ವಿಧಾನ ಗ್ರೇಡಿಯಂಟ್ ಎಕೋ, ಟಿಇ (ಪಲ್ಸ್ ಕೊಟ್ಟು ಸಿಗ್ನಲ್ ಓದುವವರೆಗಿನ ಸಮಯ) 15 ಮಿಲಿಸೆಕೆಂಡ್, ಸಿಗ್ನಲ್ ಹಿಡಿಯಲು ತಲೆಗೆ ಹಾಕುವ ಹೆಡ್ ಕಾಯಿಲ್. ಸೇಬಿನಲ್ಲೂ ನೀರೇ ಜಾಸ್ತಿ ಅಲ್ವಾ? ಕಾಯಿಲ್ ಕೆಟ್ಟಿರಬಹುದಾ?

ಸ್ಪಿನ್‌ಸುಬ್ಬ:
ಕಾಯಿಲ್ ಕೆಟ್ಟಿದ್ದರೆ ಕಿತ್ತಳೆಯೂ ಬರುತ್ತಿರಲಿಲ್ಲ. ಇದು ಗಾಳಿಯ ಕಾಟ. ಸೇಬಿನ ತಿರುಳಿನ ಜೀವಕೋಶಗಳ ನಡುವೆ ಸಣ್ಣ ಸಣ್ಣ ಗಾಳಿ ಸಂದಿಗಳಿವೆ. ಹಣ್ಣಿನ ಗಾತ್ರದಲ್ಲಿ ಸುಮಾರು ಕಾಲು ಭಾಗದವರೆಗೂ ಅವೇ ಇರಬಹುದು. ಸೇಬು ನೀರಿನಲ್ಲಿ ತೇಲುವುದೂ ಅದಕ್ಕೇ. ಕಾಂತಕ್ಷೇತ್ರದಲ್ಲಿ ಗಾಳಿಯ ವರ್ತನೆ ಬೇರೆ, ನೀರಿನದು ಬೇರೆ. ಹಾಗಾಗಿ ಒಂದೊಂದು ಸಂದಿಯ ಸುತ್ತಲೂ ಕ್ಷೇತ್ರ ಚೂರು ಏರುಪೇರಾಗುತ್ತದೆ. ಅಲ್ಲಿ ಸಿಗ್ನಲ್ ಕೊಡುವ ನೀರಿನ ಪ್ರೋಟಾನ್‌ಗಳು ತಾಳ ತಪ್ಪಿ ತಿರುಗುತ್ತವೆ, ಸಿಗ್ನಲ್ ಬೇಗ ಸತ್ತುಹೋಗುತ್ತದೆ. ನೀವು 15 ಮಿಲಿಸೆಕೆಂಡ್ ಕಾಯುವಷ್ಟರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ನಿಮ್ಮ ಕಿತ್ತಳೆ ಚಿತ್ರವನ್ನೇ ಮತ್ತೆ ನೋಡಿ. ಸಿಪ್ಪೆಯ ಕೆಳಗಿನ ಬಿಳಿ ಪದರ ಕಪ್ಪಾಗಿರಬೇಕು. ಅದೂ ಸ್ಪಂಜಿನ ಹಾಗೆ ಗಾಳಿ ತುಂಬಿಕೊಂಡಿರುತ್ತದೆ.

ಗ್ರೇಡಿಯಂಟ್ ಎಕೋ ಬದಲು ಸ್ಪಿನ್ ಎಕೋ ವಿಧಾನ ಹಾಕಿ. ಅದರ 180 ಡಿಗ್ರಿ ಪಲ್ಸ್ ತಾಳ ತಪ್ಪಿದವನ್ನು ಮತ್ತೆ ಒಟ್ಟಿಗೆ ತರುತ್ತದೆ. ಟಿಇ ಆದಷ್ಟು ಇಳಿಸಿ. ಟಿಆರ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ) 2-3 ಸೆಕೆಂಡ್ ಇರಲಿ. 1.5 ಟೆಸ್ಲಾ ಸಿಕ್ಕರೆ ಸೇಬಿಗೆ ಅದೇ ವಾಸಿ. ಮ್ಯಾಗ್ನೆಟ್ ದೊಡ್ಡದಾದರೆ ಚಿತ್ರ ಚೆಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಈ ಏರುಪೇರೂ ಅದರ ಜೊತೆಗೇ ದೊಡ್ಡದಾಗುತ್ತದೆ.

ಬೀಜಗಣಿತ:
ಹೆಡ್ ಕಾಯಿಲ್ ಬಿಟ್ಟು ಮಂಡಿಯ ಕಾಯಿಲ್ ಹಾಕಿ. ಕಾಯಿಲ್ ಹಣ್ಣಿಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜಾಸ್ತಿ. ಸಿಟಿ (ಎಕ್ಸ್-ರೇ ಸ್ಕ್ಯಾನ್) ಸಿಕ್ಕರೆ ಅದನ್ನೂ ನೋಡಿ, ಅಲ್ಲಿ ಗಾಳಿಯಿಂದ ಈ ತೊಂದರೆ ಇಲ್ಲ. ಸಿಟಿಯ ಅಳತೆಯಾದ ಹೌನ್ಸ್‌ಫೀಲ್ಡ್ ಲೆಕ್ಕದಲ್ಲಿ ನೀರು 0, ಗಾಳಿ ಮೈನಸ್ 1000. ಸೇಬಿನ ತಿರುಳು ಸೊನ್ನೆಗಿಂತ ಸಾಕಷ್ಟು ಕೆಳಗೆ ಬರುತ್ತದೆ. ಮಿದುಳಿನ ವಿಂಡೋದಲ್ಲಿ (ಮಿದುಳಿಗೆ ಹೊಂದಿಸಿದ ಕಪ್ಪು-ಬಿಳುಪಿನ ಮಿತಿಯಲ್ಲಿ) ತೆರೆದರೆ ಪೂರ್ತಿ ಕಪ್ಪು. ಆಮೇಲೆ ಸಿಟಿಯೂ ಕೆಟ್ಟಿದೆ ಅಂತ ಬರೆಯಬೇಡಿ :)

ಹಣ್ಣುಹುಚ್ಚ:
ಸ್ಪಿನ್ ಎಕೋ, ಮಂಡಿ ಕಾಯಿಲ್ ಎರಡೂ ಹಾಕಿದೆ. ಕೆಲಸ ಆಯ್ತು! ತಿರುಳು ಬೂದು ಬಣ್ಣಕ್ಕೆ ಬಂತು, ಬೀಜದ ಕೋಣೆ ಐದೂ ಎಣಿಸಬಹುದು. ಕಿತ್ತಳೆಯ ಬಿಳಿ ಪದರ ನೀವು ಹೇಳಿದ ಹಾಗೆ ಕಪ್ಪೇ. ಆದರೆ ಒಂದು ಸೇಬಿನ ತಿರುಳಿನಲ್ಲಿ ಬೆಳ್ಳಗಿನ ತೇಪೆ ಕಾಣುತ್ತಿದೆ. ಹೊರಗಡೆ ಏನೂ ಇಲ್ಲ. ಕೊಳೆತಿದೆಯಾ? ಇನ್ನೂ ಸ್ವಲ್ಪ ಕಾಳೂ ಉಳಿದಿದೆ.

ಸ್ಪಿನ್‌ಸುಬ್ಬ:
ಕೊಳೆತಿದೆ ಅಂತಲೇ ಹೇಳಲಾಗದು. ಗಾಳಿ ಸಂದಿಗಳಲ್ಲಿ ರಸ ತುಂಬಿಕೊಂಡರೂ ಹಾಗೇ ಬೆಳ್ಳಗೆ ಕಾಣುತ್ತದೆ, ವಾಟರ್‌ಕೋರ್ ಅಂತಾರೆ. ಕೊಯ್ದು ನೋಡಿ. ಆ ಜಾಗ ಒದ್ದೆಯಾಗಿ, ಅರೆಪಾರದರ್ಶಕವಾಗಿ ಇದ್ದರೆ ಅದೇ. ಚಾಕು ಮಾತ್ರ ಮ್ಯಾಗ್ನೆಟ್ ಕೋಣೆಯ ಒಳಗೆ ತರಬೇಡಿ.

ಕಾಳಿಗೆ ಆವರೇಜ್ (ಅದೇ ಅಳತೆಯನ್ನು ಎಷ್ಟು ಸಲ ತೆಗೆದು ಸರಾಸರಿ ಮಾಡುವುದು) 1ರಿಂದ 4ಕ್ಕೆ ಏರಿಸಿ. ಸಮಯ ನಾಲ್ಕು ಪಟ್ಟು ಹಿಡಿಯುತ್ತದೆ, ಸಿಗ್ನಲ್-ನಾಯ್ಸ್ ಅನುಪಾತ ಎರಡು ಪಟ್ಟಾಗುತ್ತದೆ. ಹಣ್ಣೂ ಉಸಿರಾಡುತ್ತದೆ ನಿಜ, ಆದರೆ ಎದೆ ಏರಿಳಿಯುವುದಿಲ್ಲವಲ್ಲ, ಎಷ್ಟು ಹೊತ್ತಾದರೂ ಪರವಾಗಿಲ್ಲ. ಫ್ರಿಜ್‌ನಿಂದ ತೆಗೆದದ್ದನ್ನು ನೇರ ಇಡಬೇಡಿ. ಸ್ಕ್ಯಾನ್ ನಡುವೆ ಅದರ ತಂಪು ಇಳಿಯುತ್ತಾ ಹೋದರೆ ಚಿತ್ರದ ಹೊಳಪೂ ಬದಲಾಗುತ್ತದೆ.